ಬಿಟ್ಟುಹೋದ ವಾಹನ: ಮಂಗಳೂರು, ಉಡುಪಿಯಲ್ಲಿ ದೂರಿನಿಂದ ಗುಜರಿಯವರೆಗೆ

ನಾಲ್ಕೂ ಚಕ್ರ ಚಪ್ಪಟೆಯಾಗಿ, ಗಾಜಿಗೆ ಪಾಚಿ ಹಿಡಿದು, ಬಾನೆಟ್ ಸಂದಿಯಿಂದ ಬಳ್ಳಿ ಎದ್ದ ಕಾರು ಕಂಡರೆ ಜನ ಮೊದಲು ಕೇಳುವುದು ‘ಇದು ಯಾರ ಗಾಡಿ’ ಎಂದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಗಾಡಿ ನಿಂತ ಜಾಗ ಯಾರದ್ದು? ಯಾವ ಕಾಯ್ದೆ ಅನ್ವಯಿಸುತ್ತದೆ, ಯಾವ ಕಚೇರಿಗೆ ಬರೆಯಬೇಕು, ಎಷ್ಟು ದಿನ ಕಾಯಬೇಕು ಎಂಬುದೆಲ್ಲ ಆ ಉತ್ತರದ ಮೇಲೆ ನಿಂತಿದೆ. ಬಿಟ್ಟುಹೋದ ವಾಹನದ ವಿಚಾರ ಒಂದೇ ಕಾನೂನು ಪುಸ್ತಕದಲ್ಲಿ ಸಿಗುವುದಿಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಒಂದು ತುಂಡು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಒಂದು, ನಗರಾಡಳಿತದ ಕಾಯ್ದೆಗಳಲ್ಲಿ ಒಂದು, ಗುಜರಿ ನಿಯಮಗಳಲ್ಲಿ ಇನ್ನೊಂದು. ತಪ್ಪು ತುಂಡು ಹಿಡಿದು ಹೊರಟ ದೂರು ಮೇಜಿನಿಂದ ಮೇಜಿಗೆ ಅಲೆಯುತ್ತದೆ, ಗಾಡಿ ಇನ್ನೊಂದು ಮಳೆಗಾಲ ಅಲ್ಲೇ ಕಳೆಯುತ್ತದೆ.

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ

ಪಾಲಿಕೆಯ ಒಳರಸ್ತೆಯಾದರೆ ಸಂಚಾರ ಪೊಲೀಸರು ಮತ್ತು ಮಂಗಳೂರು ಮಹಾನಗರ ಪಾಲಿಕೆ. ಉಡುಪಿ, ಮಣಿಪಾಲದಲ್ಲಿ ಪೊಲೀಸರ ಜೊತೆಗೆ ಉಡುಪಿ ನಗರಸಭೆ. ನೇತ್ರಾವತಿ ದಾಟಿದರೆ ಲೆಕ್ಕ ಬದಲಾಗುತ್ತದೆ. ಉಳ್ಳಾಲಕ್ಕೆ ಅದರದೇ ನಗರಾಡಳಿತವಿದೆ, ಪಾಲಿಕೆಗೆ ಬರೆದ ಅರ್ಜಿ ಅಲ್ಲಿ ನಡೆಯುವುದಿಲ್ಲ. ಹಳ್ಳಿಯ ರಸ್ತೆಯಾದರೆ ಗ್ರಾಮ ಪಂಚಾಯತ್. ಪೊಲೀಸ್ ವ್ಯಾಪ್ತಿಯೂ ನಗರದ ಗಡಿಯಷ್ಟೇ ಅಲ್ಲ. ಮೂಲ್ಕಿ, ಮೂಡುಬಿದಿರೆ, ಬಜ್ಪೆ ಠಾಣೆಗಳು ಮಂಗಳೂರು ಪೊಲೀಸ್ ಆಯುಕ್ತರ ಕೆಳಗೆ ಬರುತ್ತವೆ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿಗೆ ಜಿಲ್ಲಾ ಎಸ್‌ಪಿ. ಉಡುಪಿ ಜಿಲ್ಲೆ ಪೂರ್ತಿ ಎಸ್‌ಪಿ ವ್ಯಾಪ್ತಿ.

ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ, ಅಂದರೆ ತೊಕ್ಕೊಟ್ಟು, ಕೂಳೂರು, ಪಡುಬಿದ್ರಿ, ಕಾಪು, ಬ್ರಹ್ಮಾವರದ ಕಡೆ ಕೆಟ್ಟು ನಿಂತ ಲಾರಿಯಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಹೇಳಿ, ಸ್ಥಳೀಯ ಠಾಣೆಗೂ ತಿಳಿಸಿ. ರಾತ್ರಿ ಹೊತ್ತು ಸಿಗ್ನಲ್ ದೀಪವಿಲ್ಲದೆ ರಸ್ತೆಯಲ್ಲೇ ನಿಂತಿದ್ದರೆ ಪತ್ರ ಬರೆಯುವ ಮಾತೇ ಇಲ್ಲ, 112ಕ್ಕೆ ಕರೆ ಮಾಡಬೇಕು.

ರೈಲು ನಿಲ್ದಾಣದ ಆವರಣ ಇನ್ನೊಂದು ಲೋಕ. ಮಂಗಳೂರು ಸೆಂಟ್ರಲ್ ಮತ್ತು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದವು. ಸುರತ್ಕಲ್ ಮತ್ತು ಇಂದ್ರಾಳಿಯ ಉಡುಪಿ ನಿಲ್ದಾಣ ಕೊಂಕಣ ರೈಲ್ವೆಯದ್ದು. ಅಲ್ಲಿ ಬಿಟ್ಟುಹೋದ ಬೈಕಿನ ಬಗ್ಗೆ ಸ್ಟೇಷನ್ ಮಾಸ್ಟರ್ ಮತ್ತು ರೈಲ್ವೆ ಪೊಲೀಸರಿಗೆ ಹೇಳಬೇಕು. ಮಲ್ಪೆ ಬಂದರಿನ ಒಳಗಿದ್ದರೆ ಮೀನುಗಾರಿಕೆ ಇಲಾಖೆ, ಪಣಂಬೂರಿನ ಬಂದರು ಜಾಗವಾದರೆ ಬಂದರು ಪ್ರಾಧಿಕಾರ. ಫ್ಲ್ಯಾಟ್, ಪಿ.ಜಿ., ಗ್ಯಾರೇಜು, ಖಾಲಿ ಸೈಟು ಇವೆಲ್ಲ ಖಾಸಗಿ ಜಾಗ. ಅವುಗಳ ದಾರಿ ಉದ್ದ, ಮುಂದೆ ಬರುತ್ತದೆ.

ಹತ್ತು ಗಂಟೆಯ ನಿಯಮ

ಮೋಟಾರು ವಾಹನ ಕಾಯ್ದೆ 1988ರ 127ನೇ ಕಲಂ ಇಲ್ಲಿ ಮುಖ್ಯ ಅಸ್ತ್ರ. ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ವಾಹನವನ್ನು ಬಿಟ್ಟುಹೋಗಿದ್ದರೆ, ಇಲ್ಲವೇ ಪಾರ್ಕಿಂಗ್ ನಿಷೇಧವಿರುವಲ್ಲಿ ನಿಲ್ಲಿಸಿದ್ದರೆ, ವ್ಯಾಪ್ತಿಯ ಸಮವಸ್ತ್ರಧಾರಿ ಪೊಲೀಸ್ ಅಧಿಕಾರಿ ಅದನ್ನು ಎಳೆದೊಯ್ಯಿಸಬಹುದು ಅಥವಾ ಚಕ್ರಕ್ಕೆ ಲಾಕ್ ಹಾಕಿಸಬಹುದು. ಅಪಘಾತವಾದ, ಸುಟ್ಟ, ಅರ್ಧ ಬಿಚ್ಚಿದ ಗಾಡಿ ಸಂಚಾರಕ್ಕೆ ಅಪಾಯ ಒಡ್ಡುತ್ತಿದ್ದರೆ ಹತ್ತು ಗಂಟೆಯೂ ಕಾಯಬೇಕಿಲ್ಲ, ತಕ್ಷಣ ತೆಗೆಸಬಹುದು. ಎರಡೂ ಸಂದರ್ಭದಲ್ಲಿ ಟೋಯಿಂಗ್ ಖರ್ಚು ಮಾಲಕರ ತಲೆಗೆ, ದಂಡ ಪ್ರತ್ಯೇಕ.

ಜೊತೆಗೆ ಇನ್ನೆರಡು ಕಲಂ ನೆನಪಿರಲಿ. 122ನೇ ಕಲಂ ಇತರರಿಗೆ ಅಪಾಯ, ಅಡಚಣೆ ಆಗುವಂತೆ ವಾಹನ ಬಿಟ್ಟುಹೋಗುವುದನ್ನು ನಿಷೇಧಿಸುತ್ತದೆ. 201ನೇ ಕಲಂ ಸಂಚಾರಕ್ಕೆ ತಡೆಯಾಗುವಂತೆ ನಿಲ್ಲಿಸಿದ್ದಕ್ಕೆ ದಂಡ ಹಾಕುತ್ತದೆ. 2019ರ ತಿದ್ದುಪಡಿಯ ನಂತರ ಅದು 500 ರೂಪಾಯಿವರೆಗೆ. ಈ ಮೊತ್ತಕ್ಕೆ ಹೆದರಿ ಯಾರೂ ಗಾಡಿ ತೆಗೆಯುವುದಿಲ್ಲ. ಹಾಗಾಗಿ ದೂರಿನಲ್ಲಿ ಒತ್ತು ಕೊಡಬೇಕಾದದ್ದು ದಂಡಕ್ಕಲ್ಲ, 127ರ ಕೆಳಗೆ ತೆರವಿಗೆ.

ಈ ಕಲಮುಗಳ ಉಸಿರು ‘ಸಾರ್ವಜನಿಕ ಸ್ಥಳ’ ಎಂಬ ಪದದಲ್ಲಿದೆ. ಜನರಿಗೆ ಹೋಗಿಬರುವ ಹಕ್ಕಿರುವ ರಸ್ತೆ, ಓಣಿ, ಬಸ್ ನಿಲ್ಲುವ ಜಾಗ ಇದರೊಳಗೆ ಬರುತ್ತವೆ. ಗೇಟು, ಕಾಂಪೌಂಡು ಇರುವ ವಸತಿ ಸಂಕೀರ್ಣ ಬರುವುದಿಲ್ಲ. ‘ಇದು ಪ್ರೈವೇಟ್ ಜಾಗ, ನಾವು ಮುಟ್ಟುವ ಹಾಗಿಲ್ಲ’ ಎಂದು ಠಾಣೆಯಲ್ಲಿ ಹೇಳಿದರೆ ಅದು ಯಾವಾಗಲೂ ನುಣುಚಿಕೊಳ್ಳುವ ಮಾತಲ್ಲ.

ಮುಟ್ಟದೆ ನೋಡಿ, ಬರೆದಿಡಿ

ಬಾಗಿಲು ಎಳೆದು ನೋಡುವುದು, ಡ್ಯಾಶ್‌ಬೋರ್ಡ್ ತೆರೆದು ಆರ್‌ಸಿ ಹುಡುಕುವುದು, ಬ್ಯಾಟರಿ ಕಳಚುವುದು ಯಾವುದೂ ಬೇಡ. ಆ ಗಾಡಿ ಕಳವಿನದ್ದೋ ಅಪರಾಧಕ್ಕೆ ಬಳಸಿದ್ದೋ ಆಗಿದ್ದರೆ ನಿಮ್ಮ ಬೆರಳಚ್ಚು ಅದರ ಮೇಲಿರುವುದು ನಿಮಗೇ ತಲೆನೋವು. ಒಳಗೆ ಅನುಮಾನಾಸ್ಪದ ಚೀಲ, ಸಿಲಿಂಡರ್ ಕಂಡರೆ ದೂರ ಸರಿದು 112ಕ್ಕೆ ತಿಳಿಸಿ.

ಫೋಟೊ ಐದು ಇದ್ದರೆ ಸಾಕು: ಮುಂದಿನ ನಂಬರ್ ಪ್ಲೇಟ್, ಹಿಂದಿನದ್ದು, ಎರಡೂ ಬದಿ, ಮತ್ತು ಅಕ್ಕಪಕ್ಕದ ಅಂಗಡಿ ಬೋರ್ಡು ಅಥವಾ ವಿದ್ಯುತ್ ಕಂಬ ಕಾಣುವಂತೆ ದೂರದಿಂದ ಒಂದು. ದಿನಾಂಕ, ಸಮಯ, ಅಕ್ಷಾಂಶ ರೇಖಾಂಶ ಮೂಡುವ ಜಿಪಿಎಸ್ ಕ್ಯಾಮರಾ ಆ್ಯಪ್ ಬಳಸಿ. ಮೆಸ್ಕಾಂ ಕಂಬದ ಮೇಲಿನ ಸಂಖ್ಯೆ ಬರೆದುಕೊಳ್ಳಿ. ‘ಕದ್ರಿ ಹತ್ತಿರ’ ಎಂಬ ವಿಳಾಸ ಹಿಡಿದು ಹೋದ ಸಿಬ್ಬಂದಿಗೆ ಗಾಡಿ ಸಿಗುವುದಿಲ್ಲ, ಕಂಬದ ಸಂಖ್ಯೆ ಹಿಡಿದು ಹೋದವರಿಗೆ ಸಿಗುತ್ತದೆ. ಗಾಡಿ ಅಲುಗಿಲ್ಲ ಎಂದು ತೋರಿಸಲು ಟೈರ್ ನೆಲಕ್ಕೆ ತಾಗುವಲ್ಲಿ ರಸ್ತೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಫೋಟೊ ತೆಗೆಯಿರಿ, ಮರುದಿನ ಅದೇ ಕೋನದಿಂದ ಇನ್ನೊಂದು. ಹತ್ತು ಗಂಟೆ ದಾಟಿದ್ದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷ್ಯವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೀಮೆಸುಣ್ಣ ನಿಲ್ಲದು, ಟೈರಿನ ಬುಡಕ್ಕೆ ಎರಡು ಸಣ್ಣ ಕಲ್ಲು ಇಟ್ಟರಾಯಿತು.

ನಂತರ ನಂಬರನ್ನು ಎಂಪರಿವಾಹನ್ ಆ್ಯಪ್‌ನಲ್ಲೋ ಪರಿವಾಹನ್ ಜಾಲತಾಣದಲ್ಲೋ ಹಾಕಿ ನೋಡಿ. ಮಾಲಕರ ಹೆಸರು ಅರ್ಧ ಮರೆಯಾಗಿ ಕಾಣಿಸುತ್ತದೆ, ವಿಳಾಸ ಸಿಗುವುದಿಲ್ಲ. ಆದರೂ ಬೇಕಾದಷ್ಟು ವಿಷಯ ಅಲ್ಲಿದೆ: ಯಾವ ಆರ್‌ಟಿಒ, ಯಾವ ಮಾಡೆಲ್, ಬಣ್ಣ, ವಿಮೆ ಯಾವಾಗ ಮುಗಿದಿದೆ, ಸಾಲ ಕೊಟ್ಟ ಬ್ಯಾಂಕಿನ ಹೆಸರಿದೆಯೇ. ಪ್ಲೇಟಿನಲ್ಲಿ ಕೆಎ–20, ಎದುರಿಗಿರುವುದು ಬಿಳಿ ಕಾರು, ದಾಖಲೆಯಲ್ಲಿ ಅದೇ ನಂಬರಿಗೆ ಕಪ್ಪು ಸ್ಕೂಟರ್ ಎಂದಿದ್ದರೆ ಅದು ನಕಲಿ ಪ್ಲೇಟ್. ಆಗ ಇದು ತೆರವಿನ ದೂರಾಗಿ ಉಳಿಯುವುದಿಲ್ಲ, ನೇರ ಕಾನೂನು ಸುವ್ಯವಸ್ಥೆ ಠಾಣೆಗೆ ಹೋಗಬೇಕು. ಕೆಎಲ್–14, ಅಂದರೆ ಕಾಸರಗೋಡಿನ ನೋಂದಣಿಯ ಗಾಡಿಗಳೂ ನಮ್ಮಲ್ಲಿ ಸಾಕಷ್ಟು ನಿಂತಿರುತ್ತವೆ. ಹೊರರಾಜ್ಯದ್ದು ಎಂಬ ಕಾರಣಕ್ಕೆ 127ನೇ ಕಲಂ ಅನ್ವಯಿಸದೆ ಇರುವುದಿಲ್ಲ.

ಸಾಲದ ಬ್ಯಾಂಕಿನ ಹೆಸರು ಕಂಡರೆ ಆ ಬ್ಯಾಂಕಿಗೂ ಒಂದು ಪ್ರತಿ ಕಳಿಸಿ. ಕಂತು ಬಾಕಿಯಿರುವ ಗಾಡಿಯನ್ನು ಹುಡುಕುತ್ತಿರುವ ಬ್ಯಾಂಕು ಪೊಲೀಸರಿಗಿಂತ ಬೇಗ ಬರುವುದುಂಟು.

ದೂರು ಬರೆಯುವ ರೀತಿ

ಮಂಗಳೂರು ನಗರದಲ್ಲಿ ಸಂಚಾರ ಠಾಣೆಗಳು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಹಂಚಿಹೋಗಿವೆ. ನಿಮ್ಮ ರಸ್ತೆ ಯಾವುದರ ಕೆಳಗೆ ಬರುತ್ತದೆಂದು ಹತ್ತಿರದ ಸಿಗ್ನಲಿನಲ್ಲಿ ನಿಂತ ಸಿಬ್ಬಂದಿಯನ್ನು ಕೇಳಿದರೆ ತಿಳಿಯುತ್ತದೆ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಠಾಣೆಯ ಮೊಹರು, ದಿನಾಂಕ, ಸಹಿ ಹಾಕಿಸಿಕೊಂಡು ಬನ್ನಿ. ಒಕ್ಕಣೆ ಹೀಗಿದ್ದರೆ ಸಾಕು:

‘ಪೊಲೀಸ್ ನಿರೀಕ್ಷಕರು, … ಸಂಚಾರ ಪೊಲೀಸ್ ಠಾಣೆ ಇವರಿಗೆ.
ವಿಷಯ: ಮೋಟಾರು ವಾಹನ ಕಾಯ್ದೆ 1988ರ ಕಲಂ 127ರಂತೆ ವಾಹನ ತೆರವು ಕೋರಿ.
… ರಸ್ತೆಯಲ್ಲಿ, ವಿದ್ಯುತ್ ಕಂಬ ಸಂಖ್ಯೆ … ರ ಬಳಿ, … ಅಂಗಡಿಯ ಎದುರು, … ಬಣ್ಣದ … ಕಾರು, ನೋಂದಣಿ ಸಂಖ್ಯೆ …, ದಿನಾಂಕ … ರಿಂದ ಒಂದೇ ಜಾಗದಲ್ಲಿ ನಿಂತಿದೆ. ಇದರಿಂದ ಶಾಲಾ ವಾಹನ ತಿರುಗಲು ಅಡಚಣೆಯಾಗುತ್ತಿದೆ ಮತ್ತು ವಾಹನದೊಳಗೆ ಮಳೆನೀರು ನಿಂತು ಸೊಳ್ಳೆಯಾಗುತ್ತಿದೆ. ದಿನಾಂಕ ನಮೂದಿತ ಫೋಟೊಗಳನ್ನು ಲಗತ್ತಿಸಿದೆ. ವಾಹನವನ್ನು ತೆರವುಗೊಳಿಸಿ, ಕಳವು ದಾಖಲೆಯೊಂದಿಗೆ ತಾಳೆ ನೋಡಿ, ಕೈಗೊಂಡ ಕ್ರಮವನ್ನು ಹಿಂಬರಹದ ಮೂಲಕ ತಿಳಿಸಬೇಕಾಗಿ ಕೋರಿಕೆ.
ಪ್ರತಿ: ಆಯುಕ್ತರು, ಮಹಾನಗರ ಪಾಲಿಕೆ.’

ಉಡುಪಿಯಲ್ಲಿ ಪ್ರತಿ ಹೋಗಬೇಕಾದದ್ದು ನಗರಸಭೆಯ ಪೌರಾಯುಕ್ತರಿಗೆ. ಸೊಳ್ಳೆಯ ಸಾಲು ಅಲಂಕಾರಕ್ಕೆ ಹಾಕಿದ್ದಲ್ಲ. ಮಲೇರಿಯಾ, ಡೆಂಗಿಯೊಂದಿಗೆ ದಶಕಗಳಿಂದ ಗುದ್ದಾಡುತ್ತಿರುವ ಊರಿದು. ಸೊಳ್ಳೆ ಉತ್ಪತ್ತಿಗೆ ಅವಕಾಶ ಕೊಟ್ಟವರಿಗೆ ದಂಡ ಹಾಕುವ ನಿಯಮವನ್ನು ರಾಜ್ಯ ಸರ್ಕಾರ 2024ರಲ್ಲಿ ತಂದಿದೆ. ಸಂಚಾರ ವಿಭಾಗ ಮೆಲ್ಲನೆ ನಡೆದರೆ ಆರೋಗ್ಯ ವಿಭಾಗದ ಬಾಗಿಲು ತಟ್ಟಲು ಆ ಒಂದು ಸಾಲು ನೆರವಾಗುತ್ತದೆ. ಆದರೆ ಇಲ್ಲದ ಲಾರ್ವಾ ಇದೆ ಎಂದು ಬರೆಯಬೇಡಿ. ಬಂದು ನೋಡಿದವರಿಗೆ ನೀರು ಕಾಣದಿದ್ದರೆ ದೂರಿನ ಉಳಿದ ಭಾಗವೂ ಹಗುರವಾಗುತ್ತದೆ.

ಹದಿನೈದು ದಿನದಲ್ಲಿ ಏನೂ ಆಗದಿದ್ದರೆ ಸ್ವೀಕೃತಿಯ ಪ್ರತಿಯೊಂದಿಗೆ ಸಂಚಾರ ಎಸಿಪಿಯವರಿಗೆ, ಉಡುಪಿಯಲ್ಲಾದರೆ ಎಸ್‌ಪಿ ಕಚೇರಿಗೆ ಬರೆಯಿರಿ. ಮಾಹಿತಿ ಹಕ್ಕು ಅರ್ಜಿಯೂ ಒಳ್ಳೆಯ ಕೋಲು: 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ‘ದಿನಾಂಕ ಇಂಥದ್ದರ ನನ್ನ ದೂರಿನ ಮೇಲೆ ಕೈಗೊಂಡ ಕ್ರಮದ ದಾಖಲೆಯ ಪ್ರತಿ’ ಎಂದಷ್ಟೇ ಕೇಳಿ. ‘ಯಾಕೆ ತೆಗೆದಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ವಾಪಸು ಬರುತ್ತದೆ. ಸಾರ್ವಜನಿಕ ದಾರಿಗೆ ನಿಜವಾದ ತಡೆಯಿದ್ದು ಯಾರೂ ಅಲುಗದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಂತೆ ಉಪವಿಭಾಗ ದಂಡಾಧಿಕಾರಿಗೆ ಅರ್ಜಿ ಹಾಕಬಹುದು. ಉಡುಪಿ ಜಿಲ್ಲೆಯವರು ಅದಕ್ಕೆ ಕುಂದಾಪುರಕ್ಕೆ ಹೋಗಬೇಕು, ಉಪವಿಭಾಗಾಧಿಕಾರಿಯ ಕಚೇರಿ ಇರುವುದು ಅಲ್ಲಿ.

ಎಳೆದೊಯ್ದ ಮೇಲೆ ಆರು ತಿಂಗಳು

ಎಳೆದೊಯ್ದ ಗಾಡಿ ಮರುವಾರ ಗುಜರಿಗೆ ಹೋಗುತ್ತದೆ ಎಂಬುದು ತಪ್ಪು ಕಲ್ಪನೆ. ಮಾಲಕರು ಬಂದು ದಂಡ, ಟೋಯಿಂಗ್ ಖರ್ಚು ಕಟ್ಟಿದರೆ ಅಲ್ಲಿಗೆ ಮುಗಿಯಿತು. ಯಾರೂ ಬಾರದಿದ್ದರೆ, ಅಥವಾ ಕಳವಿನ ಅನುಮಾನವಿದ್ದರೆ, ಪೊಲೀಸರು ಸಂಹಿತೆಯ 106ನೇ ಕಲಮಿನಂತೆ ಮಹಜರು ಬರೆದು ವಶಕ್ಕೆ ಪಡೆದು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡುತ್ತಾರೆ. ಮಾಲಕರು ಯಾರೆಂದು ಗೊತ್ತಿಲ್ಲದಿದ್ದರೆ 503ನೇ ಕಲಮಿನಂತೆ ಹಕ್ಕುದಾರರು ಆರು ತಿಂಗಳೊಳಗೆ ಬರಬೇಕೆಂದು ಪ್ರಕಟಣೆ ಹೊರಡುತ್ತದೆ. ಆ ಅವಧಿಯಲ್ಲಿ ಯಾರೂ ಹಕ್ಕು ಸಾಬೀತು ಮಾಡದಿದ್ದರೆ 504ನೇ ಕಲಮಿನಂತೆ ಗಾಡಿ ಸರ್ಕಾರದ ವಿಲೇವಾರಿಗೆ ಬಂದು ಹರಾಜಾಗಬಹುದು. 2024ರ ಜುಲೈ 1ಕ್ಕಿಂತ ಹಿಂದಿನ ಪ್ರಕರಣಗಳಲ್ಲಿ ಇದೇ ವಿಷಯ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 102, 457, 458ನೇ ಕಲಂ ಎಂದು ಕಾಣಿಸುತ್ತದೆ.

ಮೊಕದ್ದಮೆಯಲ್ಲಿ ಸಿಕ್ಕಿದ ಗಾಡಿಗಳ ಕತೆ ಬೇರೆ. ಠಾಣೆಯ ಹಿತ್ತಿಲಿನಲ್ಲಿ ಮಣ್ಣಾಗುತ್ತಿರುವವುಗಳಲ್ಲಿ ಹೆಚ್ಚಿನವು ಅವೇ. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ: ಫೋಟೊ, ಪಂಚನಾಮೆ, ಬಾಂಡ್ ಪಡೆದು ಗಾಡಿಯನ್ನು ಬೇಗ ಬಿಡಬೇಕು, ಠಾಣೆಯಲ್ಲಿ ದೀರ್ಘಕಾಲ ಇಡುವುದರಲ್ಲಿ ಅರ್ಥವಿಲ್ಲ. ಹೊಸ ಸಂಹಿತೆಯ 497ನೇ ಕಲಂ ಇದಕ್ಕೆ ಗಡುವನ್ನೇ ಇಟ್ಟಿದೆ: ನ್ಯಾಯಾಲಯ 14 ದಿನದಲ್ಲಿ ವಸ್ತುವಿನ ವಿವರಣೆ ಸಿದ್ಧಪಡಿಸಿ, ಫೋಟೊ ಅಥವಾ ವಿಡಿಯೊ ಮಾಡಿಸಿ, ಆ ಬಳಿಕ 30 ದಿನದಲ್ಲಿ ವಿಲೇವಾರಿಗೆ ಆದೇಶ ಮಾಡಬೇಕು. ನಿಮ್ಮ ಗಾಡಿ ಹೀಗೆ ಸಿಕ್ಕಿಬಿದ್ದಿದ್ದರೆ ಠಾಣೆಗೆ ಅಲೆದು ಪ್ರಯೋಜನವಿಲ್ಲ, ವಕೀಲರ ಮೂಲಕ ನ್ಯಾಯಾಲಯಕ್ಕೆ ಮಧ್ಯಂತರ ಸುಪರ್ದಿಗೆ, ಅಂದರೆ ಪ್ರಕರಣ ಮುಗಿಯುವವರೆಗೆ ಗಾಡಿಯನ್ನು ನಿಮ್ಮ ವಶಕ್ಕೆ ಕೊಡಲು, ಅರ್ಜಿ ಹಾಕಬೇಕು. ಆರ್‌ಸಿ, ವಿಮೆ, ಗುರುತಿನ ಚೀಟಿ, ಜಾಮೀನುದಾರರು ಬೇಕಾಗುತ್ತಾರೆ. ಒಂದು ಮಳೆಗಾಲ ಬಯಲಲ್ಲಿ ನಿಂತ ಕಾರಿನ ವೈರಿಂಗ್, ಸೀಟು ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ಮೇ ತಿಂಗಳೊಳಗೆ ಅರ್ಜಿ ಹಾಕುವುದು ಲೇಸು.

ಫ್ಲ್ಯಾಟು, ಪಿ.ಜಿ., ಖಾಲಿ ಸೈಟು

ಹೆಚ್ಚು ಜನ ಎಡವುವುದು ಇಲ್ಲಿ. ಗಲ್ಫಿಗೆ ಹೋದವರ ಕಾರು ಫ್ಲ್ಯಾಟಿನ ಕೆಳಗೆ ವರ್ಷಗಟ್ಟಲೆ ನಿಲ್ಲುತ್ತದೆ. ಮಣಿಪಾಲ, ದೇರಳಕಟ್ಟೆ, ಸುರತ್ಕಲ್‌ನಲ್ಲಿ ಕೋರ್ಸ್ ಮುಗಿಸಿ ಊರಿಗೆ ಹೋದ ಹುಡುಗರ ಬೈಕು ಪಿ.ಜಿ. ಮೂಲೆಯಲ್ಲಿ ಉಳಿಯುತ್ತದೆ. ಯಾರೋ ಸಿಟ್ಟಿನಲ್ಲಿ ಗುಜರಿಯವರನ್ನು ಕರೆಯುತ್ತಾರೆ, ಎರಡು ಸಾವಿರಕ್ಕೆ ಬೈಕು ಹೋಗುತ್ತದೆ. ಆಮೇಲೆ ಮಾಲಕ ಬಂದು ದೂರು ಕೊಟ್ಟರೆ ಕಳವು ಅಥವಾ ಆಸ್ತಿ ದುರುಪಯೋಗದ ಪ್ರಕರಣ ಬೀಳುವುದು ಸಂಘದ ಕಾರ್ಯದರ್ಶಿಯ ಮೇಲೆ. ಗಾಡಿ ನಿಮ್ಮ ಜಾಗದಲ್ಲಿ ನಿಂತಿದೆ ಎಂಬ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ, ಎಷ್ಟು ವರ್ಷ ಕಳೆದರೂ.

ಮೊದಲ ಕೆಲಸ ಗಾಡಿ ಯಾರ ಸ್ಲಾಟಿನಲ್ಲಿದೆ ಎಂದು ನೋಡುವುದು. ಸ್ವಂತ ಸ್ಲಾಟಿನಲ್ಲಿ, ನಿರ್ವಹಣಾ ಶುಲ್ಕ ಕಟ್ಟುತ್ತಿರುವವರ ಗಾಡಿ ಎಷ್ಟು ಹಳತಾದರೂ ಅದು ‘ಬಿಟ್ಟುಹೋದದ್ದು’ ಅಲ್ಲ. ಅದರಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಲು ಹೇಳಬಹುದು, ಅಷ್ಟೆ. ಸಾಮಾನ್ಯ ಜಾಗದಲ್ಲೋ ಬೇರೆಯವರ ಸ್ಲಾಟಿನಲ್ಲೋ ಇದ್ದರೆ ಸಮಿತಿ ಸಭೆಯಲ್ಲಿ ನಿರ್ಣಯ ಬರೆಯಿರಿ, ನೋಂದಣಿ ಸಂಖ್ಯೆ ಸಮೇತ. ನಂತರ 15 ದಿನದ ನೋಟಿಸ್: ಗಾಜಿಗೆ ಒಂದು, ನೋಟಿಸ್ ಬೋರ್ಡಿಗೆ ಒಂದು, ಕೊನೆಯ ವಿಳಾಸಕ್ಕೆ ಸ್ವೀಕೃತಿ ಸಮೇತ ಸ್ಪೀಡ್ ಪೋಸ್ಟ್, ವಿದೇಶದಲ್ಲಿದ್ದರೆ ವಾಟ್ಸ್ಆ್ಯಪ್ ಮತ್ತು ಇಮೇಲ್. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ಅದನ್ನು ಹುಡುಕಬೇಡಿ. ಗಾಜಿಗೆ ಅಂಟಿಸಿದ ನೋಟಿಸನ್ನು ದಿನಾಂಕ ಸಮೇತ ಫೋಟೊ ತೆಗೆದಿಡಿ. ನಮ್ಮ ಮಳೆಗೆ ಆ ಕಾಗದ ವಾರವೂ ಬಾಳದು, ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಅಂಟಿಸಿ.

ಉತ್ತರ ಬಾರದಿದ್ದರೆ ಇನ್ನೊಂದು 15 ದಿನದ ಎರಡನೇ ನೋಟಿಸ್. ಅದರ ಜೊತೆಗೆ ಠಾಣೆಗೆ ಪತ್ರ. ಇಲ್ಲಿ ಕೇಳುವುದು ತೆರವನ್ನಲ್ಲ, ‘ಈ ವಾಹನ ಕಳವಿನದ್ದೇ ಎಂದು ಪರಿಶೀಲಿಸಿ, ನೋಂದಾಯಿತ ಮಾಲಕರಿಗೆ ತಿಳಿಸಿ’ ಎಂದು. ಇಷ್ಟು ಕೇಳಿದರೆ ಖಾಸಗಿ ಜಾಗದ ನೆಪ ಬರುವುದಿಲ್ಲ. ವಿಳಾಸ ನಿಮಗೆ ಸಿಗದಿದ್ದರೂ ಪೊಲೀಸರಿಗೆ ‘ವಾಹನ್’ ಎಂಬ ಸರ್ಕಾರಿ ನೋಂದಣಿ ದಾಖಲೆಯಲ್ಲಿ ಪೂರ್ತಿ ಸಿಗುತ್ತದೆ. ಎರಡೂ ನೋಟಿಸಿನ ಅವಧಿ ಮುಗಿದ ಮೇಲೆ ಗಾಡಿಯನ್ನು ಅದೇ ಆವರಣದ ಅಡಚಣೆಯಿಲ್ಲದ ಮೂಲೆಗೆ ಸರಿಸಬಹುದು. ಸರಿಸುವ ಮುನ್ನ, ಸರಿಸಿದ ಬಳಿಕ ವಿಡಿಯೊ ಮಾಡಿ, ಇಬ್ಬರು ನಿವಾಸಿಗಳ ಸಹಿ ಹಾಕಿಸಿ. ರಸ್ತೆಗೆ ತಳ್ಳಿಬಿಟ್ಟು ಆಮೇಲೆ 127ನೇ ಕಲಮಿನಡಿ ದೂರು ಕೊಡುವ ಜಾಣತನ ಬೇಡ. ಅಲ್ಲಿ ಅಪಘಾತವಾದರೆ ತಳ್ಳಿದವರೇ ಹೊಣೆ. ಅಲ್ಲಿಂದಾಚೆಗೆ ಉಳಿಯುವ ದಾರಿ ಸಿವಿಲ್ ನ್ಯಾಯಾಲಯ.

ಇಷ್ಟೆಲ್ಲ ತಾಪತ್ರಯ ಬೇಡವೆಂದರೆ ಪಿ.ಜಿ. ಒಪ್ಪಂದದಲ್ಲಿ, ಸಂಘದ ಉಪನಿಯಮದಲ್ಲಿ ಮೊದಲೇ ಒಂದು ಕಲಂ ಸೇರಿಸಿ: ವಾಹನದ ನಂಬರ್, ಊರಿನ ವಿಳಾಸ, ಮನೆಯವರ ಫೋನ್, ಖಾಲಿ ಮಾಡಿದ 30 ದಿನದೊಳಗೆ ಒಯ್ಯದಿದ್ದರೆ ದಿನಕ್ಕೆ ಇಷ್ಟು ಬಾಡಿಗೆ, ಡೆಪಾಸಿಟ್‌ನಿಂದ ವಜಾ. ವಿದ್ಯಾರ್ಥಿಗಿಂತ ಅವನ ಅಪ್ಪನ ಫೋನ್ ನಂಬರು ಹೆಚ್ಚು ಕೆಲಸಕ್ಕೆ ಬರುತ್ತದೆ.

ಗ್ಯಾರೇಜಿನವರಿಗೆ

ರಿಪೇರಿ ಮುಗಿದರೂ ಒಯ್ಯದ ಗಾಡಿಯನ್ನು, ಬಿಲ್ ಕೊಡುವವರೆಗೆ ಹಿಡಿದಿಟ್ಟುಕೊಳ್ಳುವ ಹಕ್ಕು ಕರಾರು ಕಾಯ್ದೆ 1872ರ 170ನೇ ಕಲಮಿನಲ್ಲಿದೆ. ಹಿಡಿದಿಡುವ ಹಕ್ಕು ಮಾತ್ರ, ಮಾರುವ ಹಕ್ಕಲ್ಲ. ಅದೂ ಗಾಡಿಗೆ ಮಾಡಿದ ಕೆಲಸದ ಹಣಕ್ಕೆ. ಕೆಲಸವನ್ನೇ ಮಾಡದೆ ನಿಲ್ಲಿಸಿಕೊಂಡ ದಿನಗಳ ಬಾಡಿಗೆ ಬೇಕಿದ್ದರೆ ಜಾಬ್ ಕಾರ್ಡಿನಲ್ಲಿ ಮೊದಲೇ ಅಚ್ಚಾಗಿರಬೇಕು, ಕೆಳಗೆ ಗ್ರಾಹಕರ ಸಹಿ ಇರಬೇಕು. ಎಸ್ಟಿಮೇಟ್ ಕೇಳಿ ‘ನೋಡಿ ಹೇಳುತ್ತೇನೆ’ ಎಂದು ಹೋದವರ ಗಾಡಿಯೇ ಹೆಚ್ಚಾಗಿ ಉಳಿಯುವುದು. ಅಂಥವರಿಗೆ ಎರಡನೇ ವಾರವೇ ಬರವಣಿಗೆಯಲ್ಲಿ ನೋಟಿಸ್ ಹೋಗಲಿ. ಆ ಗಾಡಿಯ ಬಿಡಿಭಾಗ ಕಳಚಿ ಇನ್ನೊಂದಕ್ಕೆ ಹಾಕಿದರೆ ಇರುವ ಹಕ್ಕೂ ಹೋಗುತ್ತದೆ.

ಗಾಡಿ ನಿಮ್ಮದೇ ಆದರೆ

ತುಕ್ಕು ಹಿಡಿದು ಕರಗಿದರೂ ವಾಹನ್ ದಾಖಲೆಯಲ್ಲಿ ನಿಮ್ಮ ಹೆಸರು ಹಾಗೇ ಇರುತ್ತದೆ. ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದಂತೆ, ಅಪಘಾತ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವವರದ್ದು, ಗಾಡಿ ಮಾರಿ ಎಷ್ಟು ಕೈ ದಾಟಿದ್ದರೂ ಸರಿ. ಗುಜರಿಗೆ ಹೋದ ಬೈಕಿನ ನಂಬರ್ ಪ್ಲೇಟ್ ಇನ್ನೊಂದು ಗಾಡಿಗೆ ಏರಿದರೆ ನೋಟಿಸ್ ಬರುವುದು ನಿಮ್ಮ ಮನೆಗೆ.

ಆದ್ದರಿಂದ ಗಾಡಿಯನ್ನು ನೋಂದಾಯಿತ ಗುಜರಿ ಘಟಕಕ್ಕೆ ಕೊಡಿ. ಇವು 2021ರ ಸೆಪ್ಟೆಂಬರಿನ ಕೇಂದ್ರ ನಿಯಮದಡಿ ನಡೆಯುವ ಘಟಕಗಳು, ಪರಿವಾಹನ್ ಜಾಲತಾಣದಲ್ಲಿ ರಾಜ್ಯವಾರು ಪಟ್ಟಿಯಿದೆ. ಗಾಡಿ ಯಾವ ಊರಿನ ನೋಂದಣಿಯಾದರೂ ಯಾವ ಘಟಕವೂ ತೆಗೆದುಕೊಳ್ಳಬಹುದು. ಒಪ್ಪುವ ಮೊದಲು ಸಾಗಣೆ ಖರ್ಚು ಯಾರದ್ದೆಂದು ಕೇಳಿ. ಬೆಲೆ ತೂಕದ ಮೇಲೆ, ಸಣ್ಣ ಕಾರು ತೂಗುವುದೇ 650ರಿಂದ 800 ಕೆ.ಜಿ. ಕರಾವಳಿಯಿಂದ ಘಟ್ಟದ ಮೇಲೆ ಸಾಗಿಸುವ ಬಾಡಿಗೆ ಅದರಲ್ಲಿ ದೊಡ್ಡ ಪಾಲು ತಿನ್ನುತ್ತದೆ. ಮೂರು ನಾಲ್ಕು ಕಾರಿನವರು ಸೇರಿ ಒಂದೇ ಲಾರಿಯಲ್ಲಿ ಕಳಿಸಿದರೆ ಹಗುರ.

ಘಟಕಕ್ಕೆ ಕೊಡುವ ಮೊದಲು ಸಾಲದ ನಮೂದು ಹೋಗಿರಬೇಕು. ಬ್ಯಾಂಕಿನ ಎನ್‌ಒಸಿ ಮತ್ತು ನಮೂನೆ 35 ಹಿಡಿದು ಆರ್‌ಟಿಒಗೆ ಹೋಗಿ. ಹತ್ತು ವರ್ಷದ ಹಿಂದೆ ಸಾಲ ತೀರಿಸಿ ಈ ಕೆಲಸ ಮರೆತವರೇ ಹೆಚ್ಚು, ಅಷ್ಟರಲ್ಲಿ ಬ್ಯಾಂಕೇ ಇನ್ನೊಂದರಲ್ಲಿ ವಿಲೀನವಾಗಿರುತ್ತದೆ. ಬಾಕಿ ಇ–ಚಲನ್, ತೆರಿಗೆ ಕಟ್ಟಿರಬೇಕು. ಕಳವು ದಾಖಲೆಯಲ್ಲಿ, ಕಪ್ಪುಪಟ್ಟಿಯಲ್ಲಿ ಗಾಡಿ ಇರಬಾರದು. ಎಲ್ಲ ಸರಿಯಿದ್ದರೆ ಗಾಡಿ ಒಪ್ಪಿಸಿದ್ದಕ್ಕೆ ಘಟಕವು ‘ಠೇವಣಿ ಪ್ರಮಾಣಪತ್ರ’ (ಸರ್ಟಿಫಿಕೇಟ್ ಆಫ್ ಡೆಪಾಸಿಟ್) ಕೊಡುತ್ತದೆ. ಅದಕ್ಕೆ ನಿಗದಿತ ಆಯಸ್ಸಿದೆ, ಬೇರೆಯವರಿಗೆ ವರ್ಗಾಯಿಸಲೂ ಬಹುದು. ಹೊಸ ಗಾಡಿಯ ನೋಂದಣಿ ಶುಲ್ಕ ಮನ್ನಾ ಪಡೆಯಲು ಇದು ಬೇಕು. ತೆರಿಗೆ ರಿಯಾಯಿತಿಗೆ ಕೇಂದ್ರ ನಿಯಮ ಖಾಸಗಿ ವಾಹನಕ್ಕೆ ಶೇ. 25ರವರೆಗೆ, ಸಾರಿಗೆ ವಾಹನಕ್ಕೆ ಶೇ. 15ರವರೆಗೆ ಮಿತಿ ಇಟ್ಟಿದೆ, ಕೈಗೆ ಸಿಗುವುದೆಷ್ಟು ಎಂದು ಕೊಳ್ಳುವ ಮೊದಲು ಆರ್‌ಟಿಒದಲ್ಲಿ ಕೇಳಿ. ಬೀದಿಬದಿಯ ಗುಜರಿ ಅಂಗಡಿಯ ಚೀಟಿ ಇದಕ್ಕೆ ನಡೆಯದು.

ಗಾಡಿ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ. 2025ರ ಏಪ್ರಿಲ್ 1ರಿಂದ ಜಾರಿಯಾದ ಪರಿಸರ ನಿಯಮದಂತೆ ಆಯಸ್ಸು ಮುಗಿದ ವಾಹನವನ್ನು 180 ದಿನದೊಳಗೆ ಸಂಗ್ರಹ ಕೇಂದ್ರಕ್ಕೋ ಗುಜರಿ ಘಟಕಕ್ಕೋ ಕೊಡುವ ಹೊಣೆ ಮಾಲಕರದ್ದು.

ತೀರಿಹೋದ ತಂದೆಯ ಕಾರಾದರೆ ಮೊದಲು ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು. ಮರಣವನ್ನು 30 ದಿನದೊಳಗೆ ತಿಳಿಸಿ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು, ತಡವಾದರೆ ದಂಡದೊಂದಿಗೆ. ಹಳೆ ಗಾಡಿಯನ್ನು ಡೀಲರಿಗೆ ಮಾರುವುದಾದರೆ ಅಧಿಕೃತ ಡೀಲರೇ ಎಂದು ನೋಡಿ, ಗಾಡಿ ಡೀಲರಿಗೆ ಒಪ್ಪಿಸಿದ್ದನ್ನು ತಿಳಿಸುವ ನಮೂನೆ 29ಸಿ ಆನ್‌ಲೈನಿನಲ್ಲಿ ದಾಖಲಾದ ಮೇಲೆಯೇ ಕೀಲಿ ಕೊಡಿ. ಮಾಲಕತ್ವ ವರ್ಗಾವಣೆಯ ನಮೂನೆ 29, 30ನ್ನು ಸಹಿ ಮಾಡಿ ಖಾಲಿ ಕೊಟ್ಟು ಮರೆತವರ ಗಾಡಿಗಳೇ ಮುಂದೆ ಎಲ್ಲೋ ರಸ್ತೆ ಬದಿಯಲ್ಲಿ ಅನಾಥವಾಗಿ ಸಿಗುವುದು.

ಎತ್ತುವ ದಿನ

ಕಡಲ ಗಾಳಿಗೆ ನಿಂತ ಗಾಡಿಯ ಹಿಂದಿನ ಡ್ರಮ್ಮಿಗೆ ಬ್ರೇಕ್ ಶೂ ತುಕ್ಕಿನಿಂದ ಅಂಟಿಕೊಂಡಿರುತ್ತದೆ, ಹ್ಯಾಂಡ್‌ಬ್ರೇಕ್ ಹಾಕಿಟ್ಟಿದ್ದರಂತೂ ಖಚಿತ. ಚಕ್ರ ತಿರುಗದೆ ಹಗ್ಗ ಕಟ್ಟಿ ಎಳೆದರೆ ಟೈರು ಹರಿದು ರಿಮ್ಮು ಡಾಂಬರು ಕೀಳುತ್ತದೆ. ಇಂಥದಕ್ಕೆ ಎಳೆಯುವ ವಾಹನ ಸಾಲದು, ಕ್ರೇನ್ ಅಥವಾ ಗಾಡಿಯನ್ನು ಮೇಲೆ ಹೇರಿಕೊಂಡು ಹೋಗುವ ಹಾಸು ಲಾರಿ ಬೇಕೆಂದು ಮೊದಲೇ ಹೇಳಿ. ಬೇಸ್‌ಮೆಂಟಿಗೆ ಎರಡೂ ಇಳಿಯುವುದಿಲ್ಲ. ಚಕ್ರದಡಿ ಗಾಲಿಹಲಗೆ ಇಟ್ಟು ತಳ್ಳಿ ಮೇಲೆ ತರಬೇಕು, ಅದಕ್ಕೆ ನಾಲ್ಕು ಜನ ಬೇಕು. ಬಾನೆಟ್ ಎತ್ತುವ ಮುನ್ನ ಕೋಲಿನಿಂದ ನಾಲ್ಕು ಬಾರಿ ಬಡಿಯಿರಿ. ಮಳೆಗಾಲದಲ್ಲಿ ಎಂಜಿನ್ ಪಕ್ಕ ಹಾವು, ಬಾಗಿಲ ಸಂದಿಯಲ್ಲಿ ಕಣಜದ ಗೂಡು ಇರುವುದು ನಮ್ಮಲ್ಲಿ ಮಾಮೂಲು.

ಹರಾಜಿನಲ್ಲಿ ಕೊಳ್ಳುವವರಿಗೆ

ಠಾಣೆಯ ಹರಾಜಿನಲ್ಲಿ ಎರಡು ಬಗೆಯ ಮಾರಾಟವಿರುತ್ತದೆ: ಓಡಿಸಲು ಮತ್ತು ಗುಜರಿಗೆ. ಪ್ರಕಟಣೆಯಲ್ಲಿ ‘ಸ್ಕ್ರ್ಯಾಪ್’ ಎಂದಿದ್ದರೆ ಆ ಗಾಡಿಗೆ ಮುಂದೆ ಆರ್‌ಸಿ ಸಿಗುತ್ತದೆಂದು ನಂಬಬೇಡಿ, ಎಂಜಿನ್ ಎಷ್ಟು ಚೆನ್ನಾಗಿದ್ದರೂ. ಓಡಿಸಲು ಕೊಂಡದ್ದಾದರೆ ನಮೂನೆ 32ರಲ್ಲಿ 30 ದಿನದೊಳಗೆ ಆರ್‌ಟಿಒಗೆ ಅರ್ಜಿ ಹಾಕಬೇಕು. ಹರಾಜು ನಡೆಸಿದ ಅಧಿಕಾರಿಯ ಸಹಿಯಿರುವ ಮಾರಾಟ ದೃಢೀಕರಣ ಮತ್ತು ಹರಾಜಿಗೆ ಅಧಿಕಾರ ಕೊಟ್ಟ ಆದೇಶದ ಪ್ರತಿ, ಇವೆರಡನ್ನು ಹಣ ಕಟ್ಟಿದ ದಿನವೇ ಕೇಳಿ ಪಡೆಯಿರಿ. ಬಿಡ್ ಕೂಗುವ ಮೊದಲು ಗಾಡಿಯ ಚಾಸಿ ನಂಬರನ್ನು ಪಟ್ಟಿಯಲ್ಲಿರುವುದರೊಂದಿಗೆ ಅಕ್ಷರ ಅಕ್ಷರವಾಗಿ ತಾಳೆ ನೋಡಿ. ತುಕ್ಕಿನಲ್ಲಿ 3 ಎಂಬುದು 8ರಂತೆ ಕಾಣುತ್ತದೆ. ಆದೇಶದಲ್ಲಿ ಒಂದು ಅಂಕಿ ತಪ್ಪಿದ್ದರೂ ಆರ್‌ಟಿಒ ವಾಪಸು ಕಳಿಸುತ್ತದೆ, ಅದನ್ನು ತಿದ್ದಿಸಲು ಮತ್ತೆ ನ್ಯಾಯಾಲಯಕ್ಕೇ ಹೋಗಬೇಕಾಗುತ್ತದೆ.